ಕೆರೆ ತುಂಬಿದೆ, ದಯವಿಟ್ಟು ಬರಬೇಡಿ

ಕೆರೆಗಳ ಉಸ್ತುವಾರಿ ಹೊತ್ತ ಮೇಲಧಿಕಾರಿಗಳಿಗೆ,

ಮಾನ್ಯರೇ,

ಬುಧವಾರ ತಾವು ನಮ್ಮೂರಿಗೆ ದಯಮಾಡಿಸುವವರಿದ್ದೀರಿ. ದಯವಿಟ್ಟು ಬರಬೇಡಿ. ಸಾಹೇಬರು ಬರಲಿ ಎಂದು ಊರವರು ಅರ್ಜಿ ಹಾಕುವುದು ವಾಡಿಕೆ. ಬರಬೇಡಿ ಎಂಬ ಅರ್ಜಿ ನಿಮಗೆ ಹೊಸದಿರಬಹುದು, ಬರೆಯುವ ನನಗೂ ಹೊಸದೇ. ತಮ್ಮ ಕೈಯಿಂದ ಬಾಗಿನ ಬಿಡಿಸಬೇಕೆಂದು, ತುಂಬಿದ ಕೆರೆಯ ಕೋಡಿಗೆ ಮರಳಿನ ಚೀಲ ಒಟ್ಟಿ ನೀರನ್ನು ತಡೆದು ನಿಲ್ಲಿಸಿದ್ದಾರೆ. ಮಳೆ ನಿಂತಿಲ್ಲ. ಏರಿ ಜಿನುಗುತ್ತಿದೆ. ಏರಿಯ ಬುಡದಲ್ಲಿ ಒಂದು ಓಣಿ ತುಂಬ ಜನರಿದ್ದಾರೆ, ಮೊದಲನೆಯ ಮನೆಯಲ್ಲಿ ಇವತ್ತು ಮಧ್ಯಾಹ್ನದವರೆಗೆ ಒಬ್ಬ ಹಸಿಬಾಣಂತಿ ಮತ್ತು ಅವಳ ಕೂಸು ಮಲಗಿದ್ದರು. ವಿಷಯ ಇಷ್ಟೇ. ಇಷ್ಟು ಓದಿ ತಾವು ಫೋನು ಎತ್ತಿಕೊಂಡರೆ ಮುಂದಿನದನ್ನು ಓದುವ ಶ್ರಮ ತಮಗಿಲ್ಲ.

ಫೋನು ಎತ್ತಲಿಲ್ಲವೇ? ಹಾಗಾದರೆ ಓದಿ. ನಾನು ಹಾನಗಲ್ಲ ತಾಲೂಕಿನ, ತಿಳವಳ್ಳಿಯ ಕಡೆಯ ಒಂದು ಊರಿನವಳು. ಊರಿನ ಹೆಸರು ತಮ್ಮ ಪ್ರವಾಸದ ಕಾರ್ಯಕ್ರಮದಲ್ಲಿ ಇದೆ, ಇಲ್ಲಿ ಬೇಡ. ಇದೇ ಊರಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಏರಿಯ ಕೆಳಗಿನ ಓಣಿಯಲ್ಲಿ ಮನೆ. ಈ ಮಾತನ್ನು ರೀತಿಪ್ರಕಾರ ಅರ್ಜಿಯಲ್ಲಿ ಬರೆದು ಕಳಿಸಬಹುದಿತ್ತು. ಆದರೆ ನಿಮ್ಮ ಖಾತೆಯಲ್ಲಿ ಅರ್ಜಿಯೊಂದು ಮೇಜಿನಿಂದ ಮೇಜಿಗೆ ಹೋಗುವ ವೇಗ ನನಗೆ ಗೊತ್ತು. ಪತ್ರಿಕೆಯಾದರೆ ಬೆಳಗಿನ ಚಹಾದ ಜೊತೆಗೆ ನೇರ ನಿಮ್ಮ ಕೈಗೇ ಬರುತ್ತದೆ. ಅದಕ್ಕೇ ಇದನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಪತ್ರಿಕೆಯವರಿಗೆ ಕಳಿಸುತ್ತಿದ್ದೇನೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿದ ದಿನವೇ ಊರ ಹೆಂಗಸರು ಮೊರದಲ್ಲಿ ಬಳೆ, ಅರಿಷಿಣ, ಕುಂಕುಮ, ಖಣ, ಕಾಯಿ ಇಟ್ಟು ನೀರಿಗೆ ಬಿಡುತ್ತಾರೆ. ಅದು ಬಾಗಿನ. ಯಾರ ಮುಹೂರ್ತಕ್ಕೂ ಕಾಯುವುದಿಲ್ಲ, ಕೆರೆ ಯಾವಾಗ ತುಂಬುತ್ತದೋ ಆವಾಗಲೇ ಮುಹೂರ್ತ. ಈ ವರ್ಷ ಮಗಿ ಮಳೆಗೆ ಕೋಡಿ ಬಿತ್ತು. ಹೆಂಗಸರು ಮೊರ ತೊಳೆದು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ನಮ್ಮ ಪಂಚಾಯ್ತಿ ಚೇರ್ಮನ್ ಪರಮೇಶಪ್ಪನವರಿಗೆ ನಿಮ್ಮ ಕಚೇರಿಯಿಂದ ಫೋನು ಬಂತು. ಈ ಸಲದ ಬಾಗಿನ ಸಾಹೇಬರದು, ಗುರುವಾರ ಬರುತ್ತಾರೆ, ಕಾಯಿರಿ. ಗುರುವಾರ ಬರಲಿಲ್ಲ, ರವಿವಾರ ಎಂದರು. ರವಿವಾರವೂ ಬರಲಿಲ್ಲ, ಬುಧವಾರ ಎಂದರು. ನಡುವೆ ಮಳೆ ಒಂದಿಷ್ಟು ಬಿಡುವು ಕೊಟ್ಟು, ಕೋಡಿಯ ಮೇಲಿನ ನೀರು ತೆಳ್ಳಗಾಯಿತು. ಪರಮೇಶಪ್ಪನವರು ದಿನಕ್ಕೆ ಮೂರು ಸಲ ಹೋಗಿ ಕೋಡಿ ನೋಡಿ ಬರತೊಡಗಿದರು.

"ಸಾಹೇಬ್ರು ಬರೂಮುಂದ ಕೆರಿ ತುಳುಕಾಡಬೇಕ್ರಿ ಅಕ್ಕಾರ. ಫೋಟೋದವ್ರೂ ಬರ್ತಾರ. ನೀರ ಇಳದ್ರ ಫೋಟೋದಾಗ ಏನ ಕಾಣತೈತಿ, ಬರೇ ಕಲ್ಲ?" ಎಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದರು. ಆ ಸಂಜೆಯೇ ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಕೋಡಿಯುದ್ದಕ್ಕೂ ಒಟ್ಟಿಸಿದರು. ಮರುದಿನದಿಂದ ಹುಬ್ಬಿ ಮಳೆ ಹಿಡಿಯಿತು. ಕೋಡಿ ಎಂದರೆ ಹೆಚ್ಚಾದ ನೀರು ಹೊರಗೆ ಹೋಗಲೆಂದೇ ಹಿರಿಯರು ಬಿಟ್ಟ ಬಾಗಿಲು. ಮನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ಅಗಳಿ ಹಾಕಿದ ಹಾಗಾಯಿತು. ಅಗಳಿ ಯಾಕೆ ಹಾಕಿದಿರಿ ಎಂದು ಕೇಳಿದರೆ, ಅತಿಥಿಗಳು ಬರುವವರಿದ್ದಾರೆ ಎನ್ನುತ್ತಾರೆ.

ಚೀಲಗಳದ್ದೊಂದೇ ತಪ್ಪಾಗಿದ್ದರೆ ಪರಮೇಶಪ್ಪನವರನ್ನು ಬೈದು ಸುಮ್ಮನಾಗುತ್ತಿದ್ದೆ. ತಪ್ಪಿನ ಬೇರು ತಮ್ಮ ಖಾತೆಯ ಯೋಜನೆಯಲ್ಲಿದೆ. ಎಪ್ಪತ್ತೆರಡರ ಬರ ನೆನಪಿದೆಯೇ? ಆಗ ಹನಿ ನೀರೂ ಪೋಲಾಗಬಾರದೆಂದು ಖಾತೆಗೆ ಜ್ಞಾನೋದಯವಾಯಿತು. ಬರದ ಕಾಮಗಾರಿಯಲ್ಲಿ ನಮ್ಮ ಕೋಡಿಯನ್ನು ಎರಡು ಅಡಿ ಎತ್ತರಿಸಿದರು. ಏರಿಯನ್ನು ಎತ್ತರಿಸಲಿಲ್ಲ, ಅದಕ್ಕೊಂದು ಬುಟ್ಟಿ ಮಣ್ಣೂ ಹಾಕಲಿಲ್ಲ. ಚೊಂಬಿನ ಬಾಯಿ ಎತ್ತರಿಸಿ ನೀರು ಹೆಚ್ಚು ಹಿಡಿಯುತ್ತದೆ ಎಂದರೆ ಚೊಂಬು ಗಟ್ಟಿ ಇರಬೇಡವೇ? ಇದೇ ಎರಡು ಅಡಿಯ ಫರ್ಮಾನು ಹಿರೇಕೆರೂರಿಗೂ ಹೋಯಿತು, ಶಿಗ್ಗಾಂವಿಗೂ ಹೋಯಿತು, ಸವಣೂರಿಗೂ ಹೋಯಿತು ಎಂದು ಕೇಳಿದ್ದೇನೆ. ಸವಣೂರಿನ ಮೂಡಣ ಬಯಲಿನಲ್ಲಿ ಮೋಡ ನೋಡುತ್ತ ಕುತ್ತಿಗೆ ನೋಯುತ್ತದೆ, ನಮ್ಮ ಪಡುವಣ ಅಂಚಿನಲ್ಲಿ ಕೊಡೆ ಒಣಗುವುದಿಲ್ಲ. ಎರಡಕ್ಕೂ ಒಂದೇ ಅಳತೆಯ ಅಂಗಿ ಹೊಲಿದವರು ಯಾರು ಸ್ವಾಮಿ? ಅವರು ಎಂದಾದರೂ ಬಸ್ಸು ಹತ್ತಿ ಈ ಎರಡು ಕಡೆಯನ್ನೂ ನೋಡಿದ್ದರೇ?

ಸರಾಸರಿ ಮಳೆಯ ಮೇಲೆ ಲೆಕ್ಕ ಹಾಕಿದ್ದೇವೆ ಎಂದು ನಿಮ್ಮವರು ಹೇಳುತ್ತಾರೆ. ಸರಾಸರಿ ಮಳೆ ನಮ್ಮೂರಿನಲ್ಲಿ ಯಾವ ವರ್ಷವೂ ಬಿದ್ದದ್ದನ್ನು ನಾನು ನೋಡಿಲ್ಲ. ಒಂದು ವರ್ಷ ಬರುವುದೇ ಇಲ್ಲ, ಇನ್ನೊಂದು ವರ್ಷ ಎಲ್ಲ ಒಟ್ಟಿಗೆ ಬರುತ್ತದೆ. ಈಚೆಗಂತೂ ಆರಿದ್ರಿ ಮಳೆ ಬರೀ ಗುಡುಗಿ ಹೋಗುತ್ತದೆ, ಅದರ ಪಾಲನ್ನೂ ಹುಬ್ಬಿಯೇ ತಂದು ಸುರಿಯುತ್ತದೆ. ಬರ ಬಿದ್ದಾಗ ಬರಕ್ಕೊಂದು ಯೋಜನೆ, ನೆರೆ ಬಂದಾಗ ನೆರೆಗೊಂದು ಪರಿಹಾರ. ಒಂದೇ ಕೆರೆಗೆ ಎರಡೂ ಬರುತ್ತವೆ ಎಂಬ ಸಣ್ಣ ಮಾತು ಇಷ್ಟು ದೊಡ್ಡ ಖಾತೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಹೋದ ವರ್ಷದ ಕಷ್ಟಕ್ಕೆ ಈ ವರ್ಷ ಕಟ್ಟಡ ಕಟ್ಟುವುದಕ್ಕೆ ನೀವು ಯೋಜನೆ ಎನ್ನುತ್ತೀರಿ. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಇರಲಿ. ಏರಿಯ ಬುಡದ ಮೊದಲ ಮನೆಗೆ ಬರೋಣ. ಅದು ಜನ್ನತಬಿಯ ಮನೆ, ನನ್ನ ಮನೆಯ ಪಕ್ಕದ್ದು. ಜನ್ನತಬಿ ಬಳೆ ಮಾರುವವಳು, ಗಂಡ ತೀರಿಕೊಂಡಿದ್ದಾನೆ. ಕೆರೆಗೆ ಬಿಡುವ ಹಸಿರು ಬಳೆ ಪ್ರತಿವರ್ಷ ಅವಳ ಮಲಾರದಿಂದಲೇ ಹೋಗಬೇಕು, ಅದಕ್ಕೆ ಅವಳು ದುಡ್ಡು ಮುಟ್ಟುವುದಿಲ್ಲ. ಅವಳ ಮಗಳು ಮಾಸೂಮಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ನೀವು ಬರುತ್ತೇನೆಂದು ಬಾರದಿದ್ದ ಗುರುವಾರ ಗಂಡು ಕೂಸು ಹುಟ್ಟಿತು. ತುಂಬ ಕಷ್ಟದ ಹೆರಿಗೆ, ಹುಡುಗಿಗೆ ಎದ್ದು ಕೂಡಲೂ ತ್ರಾಣವಿಲ್ಲ. ಬಾಣಂತಿ ಕೋಣೆ ಏರಿಗೆ ಬೆನ್ನು ಹಚ್ಚಿಕೊಂಡಿದೆ. ಶನಿವಾರದಿಂದ ಆ ಕೋಣೆಯ ಗೋಡೆಯ ಬುಡದಲ್ಲಿ ನೀರು ಒಸರುತ್ತಿದೆ. ಜನ್ನತಬಿ ನೆಲಕ್ಕೆ ಗೋಣಿತಟ್ಟು ಹಾಸುತ್ತಿದ್ದಳು, ಹಿಂಡುತ್ತಿದ್ದಳು, ಮತ್ತೆ ಹಾಸುತ್ತಿದ್ದಳು. ಬಾಣಂತಿಗೆ ಕಾಸಿಕೊಳ್ಳಲೆಂದು ಇಟ್ಟ ಕೆಂಡ ಥಂಡಿಗೆ ಆರಿಹೋಗುತ್ತಿತ್ತು.

ಇವತ್ತು ಬೆಳಿಗ್ಗೆ ತಂಬಿಗೆ ಹಿಡಿದು ನನ್ನ ಬಾಗಿಲಿಗೆ ಬಂದಳು. "ಅಕ್ಕಾರ, ನಿನ್ನಿತನಾ ತಿಳಿನೀರ ಬರತಿತ್ತು. ಇವತ್ತ ನೋಡ್ರಿ, ರಾಡಿ ಬರಾಕತ್ತೈತಿ."

ತಂಬಿಗೆಯಲ್ಲಿ ಕೆಂಪು ರಾಡಿ. ನೀರು ತಿಳಿಯಾಗಿ ಬಂದರೆ ಏರಿ ಬೆವರುತ್ತಿದೆ ಎಂದರ್ಥ, ಕೆಸರಾಗಿ ಬಂದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ. ಇದು ನನ್ನ ಪಾಂಡಿತ್ಯವಲ್ಲ. ಹೋದ ವರ್ಷ ನಿಮ್ಮ ಓವರ್‌ಸಿಯರರೇ ಶಾಲೆಯ ಮಕ್ಕಳಿಗೆ ಏರಿ ತೋರಿಸಿ ಹೇಳಿದ ಪಾಠ ಇದು.

ಆ ಓವರ್‌ಸಿಯರರ ಹತ್ತಿರ ತಂಬಿಗೆ ಒಯ್ದೆ. ಅವರ ಸರಕಾರಿ ವಸತಿಯೂ ನಮ್ಮ ಓಣಿಯಲ್ಲೇ ಇದೆ. ತಂಬಿಗೆಯೊಳಗೆ ಇಣುಕಿ ನೋಡಿದರು, ಮುಖ ಪಕ್ಕಕ್ಕೆ ತಿರುಗಿಸಿದರು.

"ಏರಿ ಗಟ್ಟಿ ಐತ್ರಿ ಅಕ್ಕಾರ. ಏನೂ ಆಗಂಗಿಲ್ಲ. ಸುಮ್ಮನ ಗಾಬರಿ ಆಗಬ್ಯಾಡ್ರಿ."

"ಆತಪಾ, ಆಗೂದಿಲ್ಲ. ನಿನ್ನ ಹೆಂಡತಿ, ಮಕ್ಕಳು ಎಲ್ಲೆದಾರ? ಮನಿಯಾಗ ಸಪ್ಪಳನ ಇಲ್ಲ."

"ಹಬ್ಬಕ್ಕಂತ ತವರಿಗೆ ಕಳಿಸೇನ್ರಿ, ಶಿಗ್ಗಾಂವಿಗೆ."

"ಗಣಪತಿ ಹಬ್ಬಾನೂ ಮುಗೀತು, ಗಣಪತಿ ಮುಳುಗಿಸೂದೂ ಮುಗೀತು. ಈಗ ಯಾವ ಹಬ್ಬ?"

ಅವರು ಬಾಗಿಲು ಅರ್ಧ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾ ಏನ ಮಾಡ್ಲಿ ಹೇಳ್ರಿ. ಚೀಲಾ ತಗದ್ರ ನನ್ನ ನೌಕರಿ ಹೊಕ್ಕೈತಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಮಕ್ಕಳೊಂದಿಗರು. ಆದರೆ ಮಾನ್ಯರೇ, ನಮ್ಮ ಏರಿಯ ಬಗ್ಗೆ ತಮ್ಮ ಖಾತೆಯ ನಿಜವಾದ ತಾಂತ್ರಿಕ ಅಭಿಪ್ರಾಯ ಟ್ರಂಕು, ಹಾಸಿಗೆ ಸಮೇತ ಬಸ್ಸು ಹತ್ತಿ ಶಿಗ್ಗಾಂವಿಗೆ ಹೋಗಿದೆ. ಕಡತದಲ್ಲಿ ಮಾತ್ರ ಏರಿ ಗಟ್ಟಿ ಇದೆ.

ಇನ್ನು ಊರ ಹೆಂಗಸರು ಕೈಕಟ್ಟಿ ಕೂತಿಲ್ಲ ಎಂಬುದೂ ತಮಗೆ ತಿಳಿದಿರಲಿ. ಇದೇ ಬೆಳಿಗ್ಗೆ ಸಿದ್ದವ್ವ, ಪ್ರತಿವರ್ಷ ಬಾಗಿನದ ಮುಂದಾಳು ಅವಳೇ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಬಂದಳು. "ಅಕ್ಕಾರ, ಕೆರಿಗೆ ವರ್ಷಕ್ಕ ಒಂದ ಬಾಗಿನ. ಎರಡನೇದ್ದು ಕೊಡಾಕ ಬರಂಗಿಲ್ಲ. ನಾವ ಈಗ ಕೊಟ್ಟಬಿಟ್ಟಿವಂದ್ರ ಸಾಹೇಬ್ರಿಗೆ ಇಲ್ಲೇನ ಕೆಲಸ ಉಳೀತೈತಿ? ಬರೂದ ಬಿಡ್ತಾರ. ಚೀಲಾ ತಗೀತಾರ." ನನಗೆ ಆ ಹೊತ್ತಿನಲ್ಲೂ ನಗು ಬಂತು. ಇಷ್ಟು ಸರಳವಾದ ಉಪಾಯ ನನ್ನ ತಲೆಗೆ ಹೊಳೆದಿರಲಿಲ್ಲ.

ಸುರಿಯುವ ಮಳೆಯಲ್ಲೇ ಹೆಂಗಸರು ಕೋಡಿಗೆ ಹೋದರು. ಜನ್ನತಬಿ ಬಳೆ ಕೊಟ್ಟಳು. ಹಾಡು ಈ ಸಲ ಬಿಟ್ಟರು. ಮೊರ ನೀರಿಗೆ ಬಿಟ್ಟು ಕೈಮುಗಿದು, ಸೆರಗು ಸಿಕ್ಕಿಸಿ, ಚೀಲ ಎಳೆಯಲು ನಿಂತರು. ನಾನು ವಿಧವೆ, ಮೊರ ಹಿಡಿಯುವ ಅಧಿಕಾರ ನನಗಿಲ್ಲ. ಚೀಲ ಎಳೆಯುವುದಕ್ಕೆ ಶಾಸ್ತ್ರದಲ್ಲಿ ಅಡ್ಡಿಯಿಲ್ಲವೆಂದು ಮೊದಲ ಚೀಲ ನಾನೇ ಎಳೆದೆ. ಒಂದು ಮೂಲೆಯ ಚೀಲಗಳು ಹೋದವು, ನೀರು ಧುಮುಕಿತು, ಆ ಸಪ್ಪಳ ಕೇಳಿ ಜನ್ನತಬಿ ಅತ್ತುಬಿಟ್ಟಳು. ಅಷ್ಟರಲ್ಲಿ ಪರಮೇಶಪ್ಪನವರು ಆಳುಗಳನ್ನೂ ಒಬ್ಬ ಪೊಲೀಸನನ್ನೂ ಕರೆದುಕೊಂಡು ಓಡಿ ಬಂದರು.

"ಬಾಗಿನಾ ಆತು ಚೇರ್ಮನ್ನರ, ಇನ್ನ ಸಾಹೇಬ್ರಿಗೆ ಹೇಳ್ರಿ, ತ್ರಾಸ ತಗೋಬ್ಯಾಡ್ರಿ ಅಂತ," ಎಂದಳು ಸಿದ್ದವ್ವ.

"ನಿಮ್ಮದು ಊರ ಬಾಗಿನಾ. ಸಾಹೇಬ್ರದು ಸರಕಾರಿ ಬಾಗಿನಾ. ಅದು ಬ್ಯಾರೆ," ಎಂದರು ಪರಮೇಶಪ್ಪನವರು.

ಸರಕಾರಿ ಬಾಗಿನ! ಮುನ್ನೂರು ವರ್ಷದ ಕೆರೆಗೆ ಇಂಥದೊಂದು ದರ್ಜೆ ಇದೆ ಎಂದು ಗೊತ್ತಿರಲಿಲ್ಲ. ಚೀಲಗಳನ್ನು ಮತ್ತೆ ಒಟ್ಟಿದರು, ಮೊದಲಿಗಿಂತ ಒಂದು ಸಾಲು ಹೆಚ್ಚು. ಪೊಲೀಸನನ್ನು ಅಲ್ಲೇ ಕಾವಲು ನಿಲ್ಲಿಸಿದರು. ಸರಕಾರದ ನೀರು ಪೋಲು ಮಾಡಿದ ಅಪರಾಧಕ್ಕೆ ನಮ್ಮ ಹೆಸರು ಬರೆದುಕೊಂಡಿದ್ದಾರೆ. ಜೈಲಿಗೆ ಹಾಕುವುದಿದ್ದರೆ ದಯವಿಟ್ಟು ಎತ್ತರದ ಜಾಗದಲ್ಲಿರುವ ಜೈಲಿಗೆ ಹಾಕಿ.

ಬಾಣಂತಿಯನ್ನು ಬೇರೆ ಕಡೆ ಸಾಗಿಸಬಾರದೇ ಎಂದು ತಾವು ಕೇಳಬಹುದು. ನಾನೂ ಜನ್ನತಬಿಗೆ ಅದನ್ನೇ ಕೇಳಿದೆ. "ಎಲ್ಲಿಗೆ ಒಯ್ಯಲ್ರೀ? ಹೋಗೂ ಜಾಗಾನರ ತೋರಸ್ರಿ," ಎಂದಳು. ಊರಲ್ಲಿ ಎತ್ತರದಲ್ಲಿರುವ ಗಟ್ಟಿ ಕಟ್ಟಡ ಒಂದೇ, ನಾನು ಮೂವತ್ತು ವರ್ಷ ಪಾಠ ಹೇಳಿದ ಶಾಲೆ. ಅದಕ್ಕೆ ಸುಣ್ಣ ಬಳಿದು ಬೀಗ ಹಾಕಿದ್ದಾರೆ, ಬುಧವಾರ ಅಲ್ಲಿ ತಮ್ಮ ಊಟ. ಬೀಗದ ಕೈ ಕೊಡಿ ಎಂದರೆ, ಹೊಸ ಸುಣ್ಣ ಮಾಸುತ್ತದೆ ಎಂದರು ಪರಮೇಶಪ್ಪನವರು.

ಆದ್ದರಿಂದ ಮಧ್ಯಾಹ್ನ ನಾನು ಮತ್ತು ಸಿದ್ದವ್ವ ಕಲ್ಲು ತೆಗೆದುಕೊಂಡು ಶಾಲೆಯ ಬೀಗ ಒಡೆದೆವು. ಇದನ್ನೂ ಅಪರಾಧದ ಜೊತೆ ಬರೆದುಕೊಳ್ಳಬಹುದು. ಹೊರಸಿನ ಮೇಲೆ ಮಲಗಿಸಿ ಹೊರುವುದೆಂದು ಹೋದರೆ ಓಣಿಯಲ್ಲಿ ಕೆಸರು ಮೊಣಕಾಲುಮಟ್ಟ, ಹೊರಸು ಹೊತ್ತವರು ಜಾರುತ್ತಿದ್ದರು. ಕಡೆಗೆ ಮಾಸೂಮಾ, "ನಾ ನಡೀತೇನ್ರಿ ಅಕ್ಕಾರ, ಕೂಸನ್ನ ನೀವ ಹಿಡ್ಕೋರಿ," ಎಂದು ಇಳಿದುಬಿಟ್ಟಳು. ಗೋಡೆ ಹಿಡಿದು, ತಾಯಿಯ ಹೆಗಲು ಹಿಡಿದು, ನಿಂತು ನಿಂತು ದಿಬ್ಬ ಹತ್ತಿದಳು. ಈಗ ತಮಗೆಂದು ಹಾಸಿದ ಜಮಖಾನೆಯ ಮೇಲೆ ಮಲಗಿದ್ದಾಳೆ. ಮೈ ಸುಡುತ್ತಿದೆ. ಈ ಪತ್ರವನ್ನು ಅವಳ ಪಕ್ಕದಲ್ಲಿ ಕೂತು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅಚ್ಚಿಗೆ ಜೋಡಿಸುವವರು ಕ್ಷಮಿಸಬೇಕು, ನನಗೆ ಭಯವಾಗಿದೆ.

ಓಣಿಯ ಉಳಿದ ಮನೆಗಳು ಇನ್ನೂ ಕೆಳಗೇ ಇವೆ. ಮುದುಕರಿದ್ದಾರೆ, ದನಕರುಗಳಿವೆ, ಸಾಹೇಬರು ಏನೋ ವ್ಯವಸ್ಥೆ ಮಾಡಿರುತ್ತಾರೆ ಎಂದು ನಂಬಿ ಕೂತವರಿದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಇದನ್ನು ಓದಿದ ತಕ್ಷಣ ಓವರ್‌ಸಿಯರರಿಗೆ ಒಂದು ಫೋನು ಮಾಡಿ, ಇಲ್ಲವೇ ತಂತಿ ಕೊಡಿ: ಚೀಲ ತೆಗೆಯಿರಿ. ಅಷ್ಟೇ ಸಾಕು, ಅವರಿಗೂ ಅದೇ ಬೇಕಾಗಿದೆ. ಮಳೆ ಹೋದ ಮೇಲೆ ಕೋಡಿಯನ್ನು ಹಳೆಯ ಕಲ್ಲಿನ ಮಟ್ಟಕ್ಕೆ ಇಳಿಸಿ, ಇಲ್ಲವಾದರೆ ಏರಿಯನ್ನು ಅದಕ್ಕೆ ತಕ್ಕಂತೆ ಕಟ್ಟಿ. ಮುಂದಿನ ಯೋಜನೆ ಬರೆಯುವಾಗ ಬರವನ್ನೂ ನೆರೆಯನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಬರೆಯಿರಿ. ಫೋಟೋ ಬೇಕೇಬೇಕೆಂದಿದ್ದರೆ ಚಳಿಗಾಲದಲ್ಲಿ ಬನ್ನಿ, ಆಗ ಜೋಳದ ರೊಟ್ಟಿ ನಾನೇ ಬಡಿಯುತ್ತೇನೆ, ಏರಿಯ ಮೇಲೆ ನಿಲ್ಲಿಸಿ ಫೋಟೋ ತೆಗೆಸುತ್ತೇನೆ.

ಇನ್ನೂ ಬರೆಯುವುದಿತ್ತು. ಆದರೆ ಬಸ್ಸು ಬಂದು ನಿಂತಿದೆ, ಕಂಡಕ್ಟರ ಸೀಟಿ ಊದುತ್ತಿದ್ದಾನೆ. ಕೂಸಿನ ಬಟ್ಟೆ ತರುತ್ತೇನೆಂದು ಜನ್ನತಬಿ ಮತ್ತೆ ಕೆಳಗೆ ಹೋಗಿದ್ದಾಳೆ. ಹೋಗಿ ಬಹಳ ಹೊತ್ತಾಯಿತು, ಇನ್ನೂ ಬಂದಿಲ್ಲ. ಅವಳ ಮಗಳು ಎರಡು ಸಲ ಕೇಳಿದಳು. ಕೂಸನ್ನು ಸಿದ್ದವ್ವನ ಕೈಗೆ ಕೊಟ್ಟು ನಾನು ನೋಡಲು ಹೋಗುತ್ತಿದ್ದೇನೆ.

ಇಂತಿ,
ತಮ್ಮ ಆಗಮನವನ್ನು ಎದುರುನೋಡದ
ಗೋಪಿಕಾಬಾಯಿ
ನಿವೃತ್ತ ಶಿಕ್ಷಕಿ
ಸೋಮವಾರ, ಹುಬ್ಬಿ ಮಳೆ, 1982