ಮಾತ್ರೆ ಟಿಬಿಯದ್ದೇ

ಘಾಟ್ಕೋಪರ್
ಭಾನುವಾರ, ೧೬ ನವೆಂಬರ್ ೨೦೨೫

ಸುಕೇಶರಿಗೆ,

ಬಾಯಿಗೆ ಆಕ್ಸಿಜನ್ ಮಾಸ್ಕ್ ಇರುವಾಗ ನಿಮ್ಮನ್ನು ಮಾತಾಡಿಸಬಾರದಂತೆ. ನಿಮ್ಮ ಫೋನನ್ನೂ ನನಗೆ ಕೊಟ್ಟಿದ್ದಾರೆ. ಆದ್ದರಿಂದ ನಿನ್ನೆ ನೀವು ಸನ್ನೆಯಲ್ಲಿ ಕೇಳಿದ್ದಕ್ಕೆ ಬರೆದು ಉತ್ತರಿಸುತ್ತಿದ್ದೇನೆ. ಪ್ರಣೀತಾ ಏಕೆ ಬರುತ್ತಿಲ್ಲ ಎಂದಲ್ಲವೇ ಕೇಳಿದ್ದು? ಅವಳಿಗಾಗಿ ಬಿಟ್ಟುಹೋದ ಹೆಂಡತಿಯ ಹತ್ತಿರ ಯಾರೂ ಇದನ್ನು ಕೇಳುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾದವಳು ಇಂದಿಗೂ ನಾನೇ.

ಮೊದಲು ಕಾಯಿಲೆಯ ವಿಷಯ. ಮೂತ್ರಕೋಶದ ಕ್ಯಾನ್ಸರಿಗೆಂದು ವಾರಕ್ಕೊಮ್ಮೆ ನಳಿಕೆಯಲ್ಲಿ ಬಿಡುತ್ತಿದ್ದ ಬಿಸಿಜಿ ಮದ್ದಿನಲ್ಲಿ ಇರುವುದು ಜೀವಂತ ಕ್ರಿಮಿ. ಕ್ಷಯದ ಕ್ರಿಮಿಯ ಹತ್ತಿರದ್ದು, ಬಲ ಕುಂದಿಸಿದ್ದು. ಮೂತ್ರದಲ್ಲಿ ರಕ್ತ ಕಂಡರೆ ಆ ವಾರ ಮದ್ದು ಹಾಕುವಂತಿಲ್ಲ. ಕೆಂಪು ಕಂಡ ನರ್ಸಿಗೆ ನೀವು, ನಮ್ಮ ಹೋಟೆಲಿನ ಬೀಟ್‌ರೂಟ್ ಪಲ್ಯ ಎಂದು ನಕ್ಕಿರಂತೆ. ಸರದಿ ತಪ್ಪಬಾರದಿತ್ತು ನಿಮಗೆ. ತಪ್ಪಲಿಲ್ಲ. ಕ್ರಿಮಿ ರಕ್ತಕ್ಕೆ ಇಳಿದು ಶ್ವಾಸಕೋಶದ ತುಂಬ ಸಾಸಿವೆಯಂತೆ ಚೆಲ್ಲಿಕೊಂಡಿದೆ, ಲಿವರಿನಲ್ಲೂ ಇದೆ. ಬಹಳ ಅಪರೂಪವೆಂದು ಡಾಕ್ಟರ್ ಎಕ್ಸ್-ರೇಯನ್ನು ವಿದ್ಯಾರ್ಥಿಗಳಿಗೆಲ್ಲ ತೋರಿಸಿದರು.

ಪ್ರಣೀತಾ ಆಗ ಹೊರಗೆ ಬೆಂಚಿನ ಮೇಲಿದ್ದಳು, ಮಡಿಲಲ್ಲಿ ನಿಮ್ಮ ಮಗು. ನನ್ನ ಕೈಯಲ್ಲಿದ್ದ ಮಾತ್ರೆಯ ಸ್ಟ್ರಿಪ್ ನೋಡಿ ಗುರುತು ಹಿಡಿದಳು. ಕುರ್ಲಾದ ಅವಳ ಚಾಳಿನ ವಠಾರದಲ್ಲಿ ಅದನ್ನು ನುಂಗದ ಮನೆ ಕಡಿಮೆ. ಅವಳ ಅಣ್ಣ ಹೋದದ್ದೂ ಕ್ಷಯದಲ್ಲೇ.

“ಅಕ್ಕಾ, ಇವ್ರಿಗೆ ಟಿಬಿಯಾ? ಮಗೂಗೆ ಬರ್ತದಾ?”

“ಮಾತ್ರೆ ಟಿಬಿಯದ್ದೇ. ಮಗು ನಿನ್ನದು, ನೀನೇ ನೋಡ್ಕೊ.”

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಅವಳು ಸೆರಗಿನಿಂದ ಮಗುವಿನ ಮೂಗು ಮುಚ್ಚಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ನಿಮ್ಮಿಬ್ಬರ ಅಂಧೇರಿಯ ಫ್ಲಾಟಿನ ವಾಚ್‌ಮನ್ ಹೇಳಿದ: ನಿಮ್ಮ ಹಾಸಿಗೆ, ದಿಂಬು, ಲೋಟ ಎಲ್ಲ ಕಸದ ಗಾಡಿಗೆ ಹೋದವಂತೆ. ಈಗ ಅವಳು ತಾಯಿಯ ಮನೆಯಲ್ಲಿದ್ದಾಳೆ.

ಇಲ್ಲಿ ನನ್ನ ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಕಿಟಕಿ ಒಂದೇ ಇದೆ, ನಿಮಗೆ ಸಾಕು.

ಹೆಸರಿಗೆ ನಿಮ್ಮವಳು,
ವಿನೋದಿನಿ

ಮರೆತ ಮಾತು: ಇದು ಯಾರಿಗೂ ಅಂಟುವುದಿಲ್ಲ, ಮಗುವನ್ನೂ ಕರೆತರಬಹುದು ಎಂದು ಡಾಕ್ಟರ್ ಮೊದಲ ದಿನವೇ ನನಗೆ ಹೇಳಿದ್ದರು. ಇವತ್ತು ಬೆಳಿಗ್ಗೆ ಪ್ರಣೀತಾ ನಿಮ್ಮ ಫೋನಿಗೆ ಕರೆ ಮಾಡಿದ್ದಳು. ಬಾಗಿಲಲ್ಲಿ ನಿಂತಾದರೂ ನೋಡಬಹುದೇ ಎಂದು ಅತ್ತಳು. ಆರು ತಿಂಗಳ ಮಾತ್ರೆ ಮುಗಿಯಲಿ ಎಂದೆ. ಅಲ್ಲಿಯವರೆಗೆ ನೀವು ಇರುತ್ತೀರೆಂದು ಡಾಕ್ಟರ್ ಹೇಳಿಲ್ಲ. ಈ ಕಾಗದವನ್ನು ನರ್ಸಿಗೆ ತೋರಿಸಬೇಡಿ, ಪ್ರಯೋಜನವಿಲ್ಲ. ಆ ವಾರ್ಡಿನಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ.