ಗುಡ್ಡಕ್ಕೆ ಒರಗಿದ ಸ್ಟೇಡಿಯಂ

ಅಲ್ ಮನ್ಸೂರಾ, ದೋಹಾ
೧೨ ಏಪ್ರಿಲ್ ೧೯೯೬, ಶುಕ್ರವಾರ

ಪ್ರೀತಿಯ ಮಹಮೂದ್,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು ಮಾರಾಯ. ಉಮ್ಮ ಹೇಗಿದ್ದಾರೆ? ಅವರು ಹಾಸ್ಟೆಲಿಗೆ ನಿನಗೆಂದು ಕಳಿಸುತ್ತಿದ್ದ ಅಕ್ಕಿರೊಟ್ಟಿಯಲ್ಲಿ ಮುಕ್ಕಾಲು ಪಾಲು ತಿಂದವನು ನಾನು.

ತಂದೆಯ ಕಾಯಿಲೆಯಿಂದ ಅರ್ಧಕ್ಕೆ ಬಿಟ್ಟ ಆರ್ಕಿಟೆಕ್ಚರ್ ಕೋರ್ಸಿಗೆ ನಾಲ್ಕು ವರ್ಷಗಳ ಮೇಲೆ ನೀನು ಮತ್ತೆ ಸೇರಿದ್ದು ಕೇಳಿ ನಿಜಕ್ಕೂ ಖುಷಿಯಾಯಿತು. ಕೊನೆಯ ವರ್ಷದ ಪ್ರಾಜೆಕ್ಟಿಗೂ ನಾವು ಅಂದು ಬಿಡಿಸಿದ ಸ್ಟೇಡಿಯಂ ನಕ್ಷೆಯನ್ನೇ ಹಿಡಿದೆಯಲ್ಲ! ಕಾಲೇಜು ಊರಿನ ಆ ಮುರಕಲ್ಲಿನ ಗುಡ್ಡದ ಮೇಲೆ ನಿಂತು ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಗುಡ್ಡ ಕಡಿಯುವುದು ಎಂತಕ್ಕೆ? ಗುಡ್ಡವೇ ಗ್ಯಾಲರಿ ಆಗ್ತದಲ್ಲ." ನಾನು ನಕ್ಕಿದ್ದೆ. ಆಮೇಲೆ ನೀನು ಪೆನ್ಸಿಲಿನಲ್ಲಿ ಎಳೆದ ಗೆರೆಗಳ ಮೇಲೆ ಟ್ರೇಸಿಂಗ್ ಕಾಗದ ಹಾಸಿ ನಾನು ಇಂಕು ಹಾಕಿದೆ. ಯೋಚನೆಯೆಲ್ಲ ನಿನ್ನದು, ಗೆರೆ ತಿದ್ದಿದ್ದಷ್ಟೇ ನಾನು.

ಆ ಹಾಳೆಗಳು ಕಾರ್ಗೋದಲ್ಲಿ ಕಳೆದುಹೋದವೆಂದು ಬರೆದಿದ್ದೆನಲ್ಲ, ಅದು ಸುಳ್ಳು. ಅವು ನನ್ನ ಮಂಚದಡಿಯ ಪೆಟ್ಟಿಗೆಯಲ್ಲೇ ಇದ್ದವು. ನನಗೆ ಈ ಕೆಲಸ ಸಿಕ್ಕಿದ್ದೇ ಅವುಗಳಿಂದ. ಬೊಂಬಾಯಿಯ ಇಂಟರ್‌ವ್ಯೂನಲ್ಲಿ ಈಜಿಪ್ಟಿನ ಇಂಜಿನಿಯರ್ ಒಬ್ಬ ಹಾಳೆಗಳನ್ನು ಮತ್ತೆ ಮತ್ತೆ ನೋಡಿ, "ಈ ಐಡಿಯಾ ಯಾರದು?" ಎಂದು ಕೇಳಿದ. "ನಮ್ಮದು" ಎಂದೆ. ಮೂರು ವರ್ಷಗಳಿಂದ ವಿಲ್ಲಾಗಳ ಬಾತ್‌ರೂಮಿಗೆ ಟೈಲ್ಸ್ ಎಲ್ಲಿ ಬರಬೇಕೆಂದು ಬರೆಯುತ್ತಿದ್ದೇನೆ. ಇಲ್ಲಿ ಗುಡ್ಡವೂ ಇಲ್ಲ, ಪಕ್ಕದಲ್ಲಿ ನೀನೂ ಇಲ್ಲ. ನನಗೆ ಸ್ವಂತದ್ದೊಂದು ಯೋಚನೆ ಹೊಳೆದು ಎಷ್ಟು ಕಾಲವಾಯಿತೋ!

ನಿನ್ನಲ್ಲಿದ್ದ ಪ್ರಿಂಟುಗಳು ಮಾಸಿಹೋಗಿವೆ, ಈ ತಿಂಗಳ ಇಪ್ಪತ್ತೈದರೊಳಗೆ ಕಾಲೇಜಿನಲ್ಲಿ ಮೂಲ ಹಾಳೆಗಳನ್ನು ತೋರಿಸದಿದ್ದರೆ ಇನ್ನೊಂದು ವರ್ಷ ಹಾಳು ಎಂದು ಬರೆದಿದ್ದೀಯ. ನಾಳೆ ಊರಿಗೆ ಹೊರಟಿರುವ ನಮ್ಮ ರೂಮಿನ ಮೊಯ್ದಿನ್ ಕುಂಞಿಯ ಕೈಯಲ್ಲಿ ಎಲ್ಲವನ್ನೂ ಕಳಿಸುತ್ತಿದ್ದೇನೆ. ಹಾಳೆಗಳನ್ನು ಸುರುಳಿ ಸುತ್ತಿಟ್ಟ ಉದ್ದದ ಕೊಳವೆ ನೋಡಿ ಅವನಿಗೆ ಗಾಬರಿ. "ಇದೆಂಥದು ಯೂಸ್ಟೇಸಣ್ಣ, ಕಸ್ಟಮ್ಸಿನವ್ರು ಬಂದೂಕು ಅಂತ ಹಿಡಿದ್ರೆ ನನ್ನ ಕಥೆ ಖಲಾಸ್!" ಎಂದ.

ಇಲ್ಲಿ ಇಗರ್ಜಿಯಿಲ್ಲ, ಶುಕ್ರವಾರ ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಇವತ್ತು ನಿನಗಾಗಿ ಬೇಡಿಕೊಂಡೆ. ನಿನ್ನ ಸ್ಟೇಡಿಯಂ ಒಂದು ದಿನ ಆ ಗುಡ್ಡದ ಮೇಲೆ ಏಳಲಿ. ಉಮ್ಮನಿಗೆ ನನ್ನ ಸಲಾಂ ಹೇಳು.

ನಿನ್ನ,
ಯೂಸ್ಟೇಸ್

ತಾ.ಕ.: "ನಮ್ಮದು" ಎಂದೆನೆಂದು ಮೇಲೆ ಬರೆದೆ. ಅದೂ ಸುಳ್ಳು. "ನನ್ನದು" ಎಂದಿದ್ದೆ. ಬೊಂಬಾಯಿಗೆ ಹೊರಡುವ ಮೊದಲೇ ಪ್ರತಿ ಹಾಳೆಯ ಮೂಲೆಯಿಂದಲೂ ನಿನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದೆ. ಬೆಳಕಿಗೆ ಹಿಡಿದರೆ ಕಾಗದ ಅಲ್ಲಿ ತೆಳ್ಳಗಾದದ್ದು ಕಾಣುತ್ತದೆ. ಇಷ್ಟು ದಿನ ಕಳಿಸದೆ ಇದ್ದದ್ದು ಅದಕ್ಕೇ. ನಿನ್ನೆ ಅದೇ ಜಾಗದಲ್ಲಿ ನಿನ್ನ ಹೆಸರು ಬರೆಯಲು ಕೂತೆ. ಕೆರೆದ ಕಾಗದದ ಮೇಲೆ ಇಂಕು ನಿಲ್ಲಲಿಲ್ಲ, ಹರಡಿ ಕಲೆಯಾಯಿತು. ಪಕ್ಕದ ನನ್ನ ಹೆಸರು ಮಾತ್ರ ಅಚ್ಚುಕಟ್ಟಾಗಿದೆ. ಅದನ್ನು ನೀನೇ ಕೆರೆಯಲೆಂದು ಅರ್ಧ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕೊಳವೆಯೊಳಗೆ ಇಟ್ಟಿದ್ದೇನೆ. ತೆಗೆಯುವಾಗ ಕೈ ಜೋಪಾನ.