ತಲೆಯಲ್ಲಿ ಶ್ರೀ ಇಲ್ಲದ ಕಾಗದ

ಶ್ರೀ
ಕ್ಷೇಮ

ಮತ್ತೋಡು
18-6-1978

ಚಿ. ಸೌ. ಏಕಾಂತಮ್ಮನಿಗೆ ನಿನ್ನ ಅಪ್ಪ ಮೂರ್ತಪ್ಪ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ಹಿರಿಯೂರಿನಲ್ಲಿ ನೀನು, ಅಳಿಯಂದಿರು, ಮಗು ಸುಖವಾಗಿದ್ದೀರಿ ಎಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸಾಯದ ಮೇಲೆ ತಪ್ಪು ಹೊರಿಸಬಹುದಿತ್ತು. ಬಿತ್ತನೆ ಕಾಲ, ಎಡಗಡೆ ಎತ್ತಿನ ಕಾಲು ಉಳುಕಿದೆ, ಎರಡೂ ನಿಜ. ಆದರೆ ಊರಿನ ಅರ್ಧ ಜನಕ್ಕೆ ಕಾಗದ ಬರೆದುಕೊಡುವವನು ತನ್ನದೊಂದು ಕಾಗದಕ್ಕೆ ಬಿಡುವಿಲ್ಲ ಎಂದರೆ ನೀನು ನಗುತ್ತೀಯ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಎತ್ತಿನ ಕಾಲಿನ ತನಕ ಬಂದು ನಿಂತುಬಿಟ್ಟೆ. ತಪ್ಪು ನನ್ನದು, ಕ್ಷಮಿಸು.

ಮೊದಲು ನಿನ್ನ ತಂಗಿಯ ವಿಷಯ. ಶಾಂತ ಪಿ.ಯು.ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಾಳೆ. ಆಗ ನೀನು ಹಿಡಿದ ಹಾಗೆಯೇ ಬಿ.ಕಾಂ. ಎಂದು ಹಟ ಹಿಡಿದಿದ್ದಾಳೆ. ಅಕ್ಕ ಓದಿದ ಹೊಸದುರ್ಗದ ಕಾಲೇಜೇ ಸಾಕು, ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಬರಲಿ ಎಂದು ನಿಮ್ಮವ್ವ. ಅಲ್ಲಿ ಬಿ.ಎ. ಮಾತ್ರ ಇರುವುದು ಎಂದರೆ, ಸಕ್ಕರೆ ಇಲ್ಲದ ದಿನ ಬೆಲ್ಲದ ಕಾಫಿ ಕುಡಿಯುವುದಿಲ್ಲವೇ ಎನ್ನುತ್ತಾಳೆ. ಪಕ್ಕದ ಮನೆ ಓಬಣ್ಣ ಯಾರೂ ಕೇಳದೆಯೇ ಜಗಲಿಗೆ ಬಂದು ಕೂತು, ಹಿರಿಯೂರಿಗೆ ಹಾಕು, ಅಕ್ಕನ ಮನೆಯಲ್ಲಿ ಊಟ ಆಗುತ್ತದೆ, ಅಕ್ಕನ ಮಗುವಿಗೆ ಜೋಗುಳವೂ ಆಗುತ್ತದೆ ಎಂದು ತೀರ್ಪು ಕೊಟ್ಟ. ಶಾಂತನಿಗೆ ಮಾತ್ರ ದೂರವಾದರೂ ದುರ್ಗದ ದೊಡ್ಡ ಕಾಲೇಜೇ ಬೇಕು. ನೀನೂ ಹಾಗೇ ಬರೆದಿದ್ದೀಯ. ಹಿರಿಯೂರಿನಲ್ಲಿ ಬಿ.ಕಾಂ. ಈಗಿನ್ನೂ ಶುರುವಾಗಿದೆ, ಮೇಷ್ಟರುಗಳು ನಿಲ್ಲುತ್ತಿಲ್ಲ. ದುರ್ಗಕ್ಕೇ ಸೇರಿಸು, ಮೊದಲ ವರ್ಷ ಹೊಳಲ್ಕೆರೆಯಲ್ಲಿ ಹೊನ್ನಕ್ಕತ್ತೆಯ ಮನೆಯಿಂದ ಓಡಾಡಲಿ ಎಂದಿದ್ದೀಯ. ಬುದ್ಧಿವಂತಿಕೆಯ ಮಾತು.

ಆದರೆ ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೆಯಲ್ಲ: ‘ಅರ್ಜಿಗೆ ನನ್ನ ವಿಳಾಸ ಕೊಡು ಅಪ್ಪ. ಕಾಲೇಜಿನ ಕಾರ್ಡು ಈ ಸಲವೂ ಅಜ್ಜಿಯ ಕೈಗೆ ಸಿಗುವುದು ಬೇಡ.’

ನಿನ್ನ ಕಾಗದವನ್ನು ಎಂದಿನಂತೆ ಎಲ್ಲರೆದುರಿಗೆ ಗಟ್ಟಿಯಾಗಿ ಓದಿದೆ. ಅಜ್ಜಿ ಕಂಬಕ್ಕೊರಗಿ ಕೂತಿದ್ದಳು. ಆ ಸಾಲು ಬಂದಾಗ ಹಾರಿಸಿಬಿಟ್ಟೆ. ಊರವರ ಕಾಗದ ಓದುವಾಗಲೂ ನಾನು ಸಾಲು ಹಾರಿಸಿದ್ದುಂಟು. ಅತ್ತೆ ಸೊಸೆಯರ ಜಗಳ ಬೆಳೆಯದಿರಲಿ, ಬಸುರಿಗೆ ಗಾಬರಿಯಾಗದಿರಲಿ ಎಂದು. ಈ ಸಲ ಹಾರಿಸಿದ್ದು ನನ್ನೊಬ್ಬನ ಒಳಿತಿಗೆ.

ಒಂದು ಕಥೆ ಹೇಳುತ್ತೇನೆ, ಕೇಳು. ನೀನೂ ಇರುವ ಕಥೆ. ಅದರ ಅರ್ಧ ಮಾತ್ರ ನಿನಗೆ ಗೊತ್ತು.

ಆರು ವರ್ಷದ ಹಿಂದೆ ನಿನ್ನ ಅರ್ಜಿ ಕೊಡಲು ದುರ್ಗಕ್ಕೆ ಹೋದೆವಲ್ಲ, ದಾರಿಯುದ್ದಕ್ಕೂ ನಾನು ಕಥೆ ಹೇಳುತ್ತಿದ್ದೆ. ಹೊಳಲ್ಕೆರೆ ದಾಟುವ ಹೊತ್ತಿಗೆ ಹಿಂದಿನ ಸೀಟಿನವರೂ ಕತ್ತು ಚಾಚಿ ಕೇಳುತ್ತಿದ್ದರು. ಹಾಗೆ ಉಬ್ಬಿಕೊಂಡೇ ಕಾಲೇಜಿನ ಆಫೀಸಿಗೆ ಬಂದೆ. ಗುಮಾಸ್ತರು, ಹೆಣ್ಣುಮಗುವಿಗೆ ಕಾಮರ್ಸ್ ಯಾಕೆ ಯಜಮಾನರೇ, ಅಂಗಡಿ ಇಡಿಸುತ್ತೀರಾ ಎಂದರು. ನಾನು ಟವೆಲ್ ಹೆಗಲಿಗೇರಿಸಿ, ಒಂದಾನೊಂದು ಊರಿನಲ್ಲಿ ಒಬ್ಬ ಸೆಟ್ಟಿಗೆ ಏಳು ಜನ ಹೆಣ್ಣುಮಕ್ಕಳಿದ್ದರು ಎಂದು ಶುರುಮಾಡಿದೆ. ಮೂರನೆಯ ಮಗಳ ತನಕ ಬಂದಿದ್ದೆ. ನೀನು ನನ್ನ ಟವೆಲ್ಲಿನ ತುದಿ ಜಗ್ಗಿದೆ.

“ಅಪ್ಪಾ, ನೀನು ಸುಮ್ಕಿರು. ನಾನು ಹೇಳ್ತೀನಿ.”

ಆಮೇಲೆ ನೀನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಅವರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ಯಾವುದೋ ಮಾತಿಗೆ ಎಲ್ಲರೂ ನಕ್ಕರು, ನೀನೂ ನಕ್ಕೆ. ಆ ನಗು ಯಾತಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬರುವಾಗ ಬಸ್ಸಿನಲ್ಲಿ ಯಾಕಪ್ಪ ಮಾತೇ ಇಲ್ಲ ಎಂದು ನೀನು ಕೇಳಿದ್ದೆ. ತಲೆನೋವು ಎಂದಿದ್ದೆ ನಾನು. ತಲೆನೋವಲ್ಲ ಮಗಳೇ. ಊರೆಲ್ಲ ಕೂರಿಸಿಕೊಂಡು ಕೇಳುವ ಬಾಯಿಯನ್ನು ನನ್ನ ಮಗಳೇ ಮುಚ್ಚಿಸಿದಳಲ್ಲ ಎಂಬ ಉರಿ.

ಜುಲೈ ಐದನೇ ತಾರೀಕು ಪಾಪಣ್ಣ ಟಪಾಲು ತಂದ. ನೀನು ಟಿ.ಸಿ. ತರಲು ಹೊಸದುರ್ಗಕ್ಕೆ ಹೋಗಿದ್ದೆ. ಅಚ್ಚು ಹಾಕಿಸಿದ ಕಾರ್ಡು, ಕೆಳಗೆ ಕಾಲೇಜಿನ ನೀಲಿ ಮೊಹರು. ಹತ್ತನೇ ತಾರೀಕು ಹನ್ನೊಂದು ಗಂಟೆಗೆ ಸಂದರ್ಶನಕ್ಕೆ ಬರಬೇಕು, ತಪ್ಪಿದರೆ ಸೀಟು ಬೇರೆಯವರಿಗೆ ಎಂದಿತ್ತು. ಎರಡು ಸಲ ಓದಿದೆ. ಸಿಟ್ಟು ಬಂದು ಹರಿದೆ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂದಿರಲಿಲ್ಲ. ನಿಧಾನವಾಗಿ ಎರಡು ಮಾಡಿದೆ, ಎರಡನ್ನು ನಾಲ್ಕು ಮಾಡಿದೆ, ತಿಪ್ಪೆಗೆ ಹಾಕಿ ಹೊಲಕ್ಕೆ ಹೋದೆ. ಹೌದು ಏಕಾಂತ, ಹರಿದವನು ನಾನು.

ಸಂಜೆ ನೀನು ಬಂದು ಕಾರ್ಡು ಬಂತಾ ಎಂದು ಕೇಳಿದೆ. ಇಲ್ಲ ಎಂದೆ. ಮರುದಿನ ಕೇಳಿದಾಗಲೂ ಇಲ್ಲ ಎಂದೆ. ಹತ್ತನೇ ತಾರೀಕು ಕಳೆದು ಎಂಟು ದಿನಕ್ಕೆ ಗೊಬ್ಬರ ಕೆದಕುತ್ತಿದ್ದ ಕೋಳಿಯ ಕಾಲಡಿ ನಿನಗೆ ಮೊಹರಿನ ಚೂರು ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದೆ. ನಾನು ಹಗ್ಗ ಹೊಸೆಯುತ್ತಿದ್ದೆ, ಅಜ್ಜಿ ರಾಗಿ ಕೇರುತ್ತಿದ್ದಳು.

“ಇದನ್ನ ಹರಿದೋರು ಯಾರು?”

ನಾನು ಹಗ್ಗಕ್ಕೆ ಇನ್ನೊಂದು ಎಳೆ ನಾರು ಸೇರಿಸಿದೆ. ಅಜ್ಜಿ ಮೊರ ಕೆಳಗಿಟ್ಟಳು.

“ನಾನೇ ಕಣವ್ವ. ತಲೇಲಿ ಶ್ರೀ ಇರ್ಲಿಲ್ಲ. ಯಾರೋ ಹೋಗ್ಬಿಟ್ರು ಅಂದ್ಕಂಡೆ.”

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಸಾವಿನ ಕಾಗದದ ತಲೆಯಲ್ಲಿ ಶ್ರೀಯೂ ಇರುವುದಿಲ್ಲ, ಕ್ಷೇಮವೂ ಇರುವುದಿಲ್ಲ. ಅದು ಹೊಸ್ತಿಲು ದಾಟಬಾರದು. ಹೊರಗೇ ಹರಿದುಹಾಕಿ ತಲೆಗೆ ನೀರು ಹಾಕಿಕೊಳ್ಳಬೇಕು. ಓದು ಬಾರದ ಅಜ್ಜಿಗೆ ಗುರುತು ಸಿಗುತ್ತಿದ್ದದ್ದು ಆ ಒಂದೇ ಅಕ್ಷರ. ಪಾಪಣ್ಣ ಏನು ತಂದರೂ ಮೊದಲು ತಲೆ ನೋಡುವಳು. ಹಾಗಾಗಿ ನೀನು ನಂಬಿದೆ. ಯಾರಾದರೂ ನಂಬುತ್ತಿದ್ದರು.

“ಒಂದಕ್ಷರ ಕಲ್ತು ನನ್ನ ಓದನ್ನೇ ಸುಟ್ಟೆಯಲ್ಲಜ್ಜಿ” ಎಂದೆ ನೀನು. ಅವಳು, ಹೂಂ ಕಣವ್ವ, ಎಂದಳು. ನಾನು ಹಗ್ಗ ಹೊಸೆಯುತ್ತಲೇ ಇದ್ದೆ.

ಮಾರನೆಯ ದಿನ ಹೊಲದಲ್ಲಿ ಅವಳನ್ನು ಕೇಳಿದೆ. ನಾನು ಹರಿದದ್ದನ್ನು ಕೊಟ್ಟಿಗೆಯಿಂದ ನೋಡಿದ್ದಳಂತೆ. ಹಾಗಾದರೆ ಯಾಕವ್ವ ಮೈಮೇಲೆ ಹಾಕಿಕೊಂಡೆ ಎಂದೆ. ಕಳೆ ಕೀಳುವುದನ್ನು ಬಿಡದೆ ಹೇಳಿದಳು:

“ನಾನು ಇವತ್ತೋ ನಾಳೆಯೋ ಹೋಗೋಳು. ಅವಳು ನಿನ್ ಮುಖ ಇನ್ನೂ ಬಾಳ ವರ್ಷ ನೋಡ್ಬೇಕಲ್ಲಪ್ಪ.”

ನಾನು ಏನು ಮಾಡಬೇಕಿತ್ತು ಹೇಳು. ಅಲ್ಲಿಂದಲೇ ಎದ್ದು ಬಂದು ನಿನಗೆ ಹೇಳಬೇಕಿತ್ತು. ಅದರ ಬದಲು ನನಗೆ ಹಾಯಾಯಿತು ಮಗಳೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಯಾಯಿತು.

ನೀನು ಹೊಸದುರ್ಗದಲ್ಲಿ ಬಿ.ಎ.ಗೆ ಸೇರಿದೆ. ಮೂರು ವರ್ಷ ಅಜ್ಜಿ ಇಟ್ಟ ರೊಟ್ಟಿ ತಿಂದೆ, ಅವಳೊಂದಿಗೆ ಮಾತಾಡಲಿಲ್ಲ. ಮದುವೆಯಲ್ಲಿ ಕಾಲಿಗೆ ಬಿದ್ದೆ, ಮುಖ ನೋಡಲಿಲ್ಲ. ಬಾಣಂತನಕ್ಕೆ ಬಂದಾಗ ದಿನವೂ ಹಂಡೆ ನೀರು ಕಾಯಿಸಿದ್ದು ಅವಳು. ಮಗುವಿಗೆ ಎರೆಯಲು ನೀನು ಕರೆಸಿದ್ದು ಓಬಣ್ಣನ ಹೆಂಡತಿ ಹುಲಿಗೆಮ್ಮನನ್ನು. ಅಜ್ಜಿ ಒಲೆಯ ಮುಂದೆ ಕೂತು ಮಗುವಿನ ಅಳು ಕೇಳುತ್ತಿದ್ದಳು. ಅದನ್ನೂ ನೋಡಿದೆ. ನಾಳೆ ಹೇಳೋಣ ಎಂದುಕೊಂಡು ಹೊಲಕ್ಕೆ ಹೋದೆ.

ಮೊನ್ನೆ ಶಾಂತನನ್ನು ಕರೆದುಕೊಂಡು ದುರ್ಗಕ್ಕೆ ಹೋಗಿ ಬಿ.ಕಾಂ. ಅರ್ಜಿ ಕೊಟ್ಟು ಬಂದೆ. ನೀನು ಹೇಳಿದಂತೆ ನಿನ್ನ ವಿಳಾಸವನ್ನೇ ಬರೆಸಿದ್ದೇನೆ. ಅಜ್ಜಿಗೆ ಹೆದರಿ ಅಲ್ಲ, ನನಗೆ ಹೆದರಿ. ಹಾಳಾದ ಬುದ್ಧಿ ಮತ್ತೆ ಯಾವ ಮಾತಿಗೆ ಕೆರಳುತ್ತದೋ ಯಾರಿಗೆ ಗೊತ್ತು. ಕಾರ್ಡು ಬಂದ ದಿನವೇ ಅಳಿಯಂದಿರ ಕೈಲಿ ಕಳಿಸಿಕೊಡು. ಹೊಳಲ್ಕೆರೆಯ ಹೊನ್ನಕ್ಕನಿಗೂ ಬರೆದಿದ್ದೇನೆ, ಕೋಣೆ ಖಾಲಿ ಮಾಡಿಸುತ್ತಾಳಂತೆ.

ಕ್ಷಮಿಸು ಎಂದು ಮತ್ತೊಮ್ಮೆ ಬರೆಯುವುದಿಲ್ಲ. ಕಾಗದ ತಡವಾದದ್ದಕ್ಕೆ ಹೇಳಿದ ಮಾತು ಅದು; ಇದಕ್ಕೆ ಸಾಲದು. ಅಳಿಯಂದಿರಿಗೂ ತೋರಿಸು, ಮುಚ್ಚಿಡಬೇಡ. ನಿನ್ನ ಮನೆ ತುಂಬಿರಲಿ, ಮಗು ನಿನಗಿಂತ ಹೆಚ್ಚು ಓದಲಿ, ಅದರ ದಾರಿಗೆ ಯಾವ ಹಿರಿಯನೂ ಅಡ್ಡ ಬಾರದಿರಲಿ.

ಇತಿ,
ನಿನ್ನ ಅಪ್ಪ
ಮೂರ್ತಪ್ಪ

ಮತ್ತೆ: ನಾವೆಲ್ಲ ಕ್ಷೇಮ ಎಂದದ್ದು ಬರೆದು ಬರೆದು ಕೈಗೆ ಆದ ರೂಢಿ. ಅಜ್ಜಿ ಕ್ಷೇಮವಿಲ್ಲ. ಯುಗಾದಿಯಿಂದೀಚೆಗೆ ನೆನಪು ಕಲಸಿಹೋಗಿದೆ. ಶಾಂತನನ್ನು ಏಕಾಂತ ಎಂದು ಕರೆಯುತ್ತಾಳೆ. ಅವಳ ಕೈ ಹಿಡಿದು, ತಪ್ಪಾಯಿತು ಕಣವ್ವ, ಶ್ರೀ ಕಾಣಲಿಲ್ಲ ಎನ್ನುತ್ತಾಳೆ. ದಿನಕ್ಕೆ ನಾಲ್ಕಾರು ಸಲ. ಹೋದ ಸೋಮವಾರ ನಾನು ಮುಂದೆ ಕೂತು, ಅವ್ವ, ಹರಿದವನು ನಾನು, ನೀನಲ್ಲ ಎಂದೆ. ಅವಳು ನನ್ನ ತಲೆ ಸವರಿ, “ನಿಂಗೇನ್ ಗೊತ್ತಪ್ಪ, ನೀನು ಅವತ್ತು ಹೊಲಕ್ಕೋಗಿದ್ದೆ. ನನ್ ತಪ್ಪು ನೀನ್ಯಾಕೆ ಹೊತ್ಕಂತೀಯ” ಎಂದಳು. ಮೂರು ದಿನ ಹೇಳಿ ನೋಡಿದೆ. ನಂಬುವುದಿಲ್ಲ. ನನ್ನನ್ನೇ ಸಮಾಧಾನ ಮಾಡುತ್ತಾಳೆ. ನೀನು ಬಂದು ಹೇಳಿದರೆ ನಂಬಬಹುದು. ಬೇಗ ಬಾ, ಮಗುವನ್ನೂ ಕರೆತಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಒಂದು ಸಾಲು ಬರೆ. ನೀನು ಇರುವಷ್ಟು ದಿನ ನಾನು ಓಬಣ್ಣನ ಮನೆಯಲ್ಲಿರುತ್ತೇನೆ.